ನೆಲಕ್ಕಿಳಿದ ಬಳ್ಳಿ: ಐವಿ ಹಾಸಿನ ಚರಿತ್ರೆ

ಐವಿ ಸ್ವಭಾವತಃ ಹತ್ತುವ ಬಳ್ಳಿ. ಮರ, ಗೋಡೆ, ಬಂಡೆ ಯಾವುದು ಸಿಕ್ಕರೂ ಮೇಲೇರುತ್ತದೆ; ಏನೂ ಸಿಗದಿದ್ದರೆ ನೆಲದ ಮೇಲೆಯೇ ಹಬ್ಬುತ್ತದೆ. ಈ ಎರಡನೆಯ ಗುಣವನ್ನು ಬಳಸಿಕೊಂಡು, ಹುಲ್ಲು ಬಾರದ ನೆರಳಿನ ಜಾಗದಲ್ಲಿ ಅದನ್ನು ಹಸಿರು ಹಾಸಾಗಿ ಬೆಳೆಸುವ ರೂಢಿ 19ನೇ ಶತಮಾನದ ಯುರೋಪಿನಲ್ಲಿ ನೆಲೆಗೊಂಡಿತು. 20ನೇ ಶತಮಾನದ ಅಮೆರಿಕದಲ್ಲಿ ಅದು ಮನೆಯಂಗಳದಿಂದ ಹೆದ್ದಾರಿಯ ಇಳಿಜಾರಿನವರೆಗೆ ಹರಡಿತು. 2010ರಲ್ಲಿ ಅದೇ ಅಮೆರಿಕದ ಆರೆಗನ್ ರಾಜ್ಯ ಈ ಬಳ್ಳಿಯ ಮಾರಾಟವನ್ನೇ ನಿಷೇಧಿಸಿತು. ಇಷ್ಟು ಕಾಲದಲ್ಲಿ ಬಳ್ಳಿಯ ಗುಣವೇನೂ ಬದಲಾಗಲಿಲ್ಲ. ತೋಟದ ಕೆಲಸ ಮಾಡುವವರು ಯಾರು, ಅವರಿಗೆ ಬಿಡುವು ಎಷ್ಟು ಎಂಬ ಲೆಕ್ಕ ಮಾತ್ರ ಬದಲಾಗುತ್ತ ಹೋಯಿತು.

ಸಸ್ಯಶಾಸ್ತ್ರದಲ್ಲಿ ಐವಿಯ ಕುಲಕ್ಕೆ ಹೆಡೆರಾ ಎಂದು ಹೆಸರು. ಇದು ಲ್ಯಾಟಿನ್ ಭಾಷೆಯಲ್ಲಿ ಬಳ್ಳಿಗಿದ್ದ ಹಳೆಯ ಹೆಸರೇ. ಯುರೋಪಿನ ಸಾಮಾನ್ಯ ಐವಿಯನ್ನು ಲಿನೇಯಸ್ 1753ರಲ್ಲಿ ಹೆಡೆರಾ ಹೆಲಿಕ್ಸ್ ಎಂದು ದಾಖಲಿಸಿದ. ಜಿನ್ಸೆಂಗ್ ಸೇರಿರುವ ಅರೇಲಿಯೇಸೀ ಕುಟುಂಬ ಇದರದು. ಒಟ್ಟು ಹತ್ತು ಹನ್ನೆರಡು ಪ್ರಭೇದಗಳು ಅಟ್ಲಾಂಟಿಕ್ ದ್ವೀಪಗಳಿಂದ ಹಿಡಿದು ಯುರೋಪ್, ಉತ್ತರ ಆಫ್ರಿಕ, ಹಿಮಾಲಯಗಳನ್ನು ಹಾದು ಜಪಾನಿನವರೆಗೆ ಸಿಗುತ್ತವೆ. ಭಾರತದ್ದು ಹಿಮಾಲಯದ ಹೆಡೆರಾ ನೇಪಾಲೆನ್ಸಿಸ್. ದಕ್ಷಿಣದ ಕಾಡುಗಳಲ್ಲಿ ಯಾವ ಐವಿಯೂ ತಾನಾಗಿ ಬೆಳೆಯುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಇದಕ್ಕೆ ಮನೆಮಾತಿನ ಹೆಸರೂ ಇಲ್ಲ.

ಹೆಸರಿನ ಗೊಂದಲಕ್ಕೆ ಮಾತ್ರ ಕೊರತೆಯಿಲ್ಲ. ಬೆಂಗಳೂರಿನ ಹಳೆಯ ಕಾಂಪೌಂಡ್ ಗೋಡೆಗಳಿಗೆ ಒತ್ತಾಗಿ ಅಂಟಿ ಹಬ್ಬಿರುವ ಸಣ್ಣೆಲೆಯ ಬಳ್ಳಿಯನ್ನು ಐವಿ ಎನ್ನುವವರುಂಟು. ಅದು ಹೆಚ್ಚಾಗಿ ಫೈಕಸ್ ಪ್ಯುಮಿಲಾ, ಆಲ ಅತ್ತಿಗಳ ದಾಯಾದಿ. ಅಮೆರಿಕದ ಹಳೆಯ ವಿಶ್ವವಿದ್ಯಾಲಯಗಳಿಗೆ ‘ಐವಿ ಲೀಗ್’ ಎಂಬ ಹೆಸರು ಬಂದದ್ದು ಗೋಡೆ ಹತ್ತಿದ ಬಳ್ಳಿಯಿಂದ. ಆದರೆ ಆ ಗೋಡೆಗಳ ಮೇಲಿರುವುದು ಎಷ್ಟೋ ಕಡೆ ದ್ರಾಕ್ಷಿಯ ಕುಟುಂಬಕ್ಕೆ ಸೇರಿದ, ಪೂರ್ವ ಏಷ್ಯಾದಿಂದ ಹೋದ ಬಾಸ್ಟನ್ ಐವಿ. ಚಳಿಗಾಲಕ್ಕೆ ಎಲೆ ಉದುರಿಸುವ ಆ ಬಳ್ಳಿಗೂ ವರ್ಷವಿಡೀ ಹಸಿರಾಗಿರುವ ಹೆಡೆರಾಗೂ ನಂಟಿಲ್ಲ. ನಮ್ಮ ತೊಂಡೆಬಳ್ಳಿಗೆ ಇಂಗ್ಲಿಷರು ‘ಐವಿ ಗೋರ್ಡ್’ ಎಂದು ಹೆಸರಿಟ್ಟದ್ದೂ ಎಲೆಯ ಆಕಾರ ನೋಡಿಯೇ. ತೊಂಡೆಯೆಲೆಯನ್ನು ಸ್ವಲ್ಪ ದಪ್ಪ ಮಾಡಿ, ಕಡುಹಸಿರು ಬಳಿದು, ಮೇಣದ ಹೊಳಪು ಕೊಟ್ಟಂತೆ ಊಹಿಸಿಕೊಂಡರೆ ಐವಿಯ ಎಲೆ ಹೆಚ್ಚುಕಡಿಮೆ ಕಣ್ಣಿಗೆ ಬರುತ್ತದೆ.

ಈ ಬಳ್ಳಿಯ ಬದುಕಿನಲ್ಲಿ ಎರಡು ಅವಸ್ಥೆಗಳಿವೆ. ನೆಲಹಾಸಿನ ಕಥೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಎಳೆಯ ಅವಸ್ಥೆಯಲ್ಲಿ ಎಲೆಗೆ ಮೂರರಿಂದ ಐದು ಸೀಳು. ಕಾಂಡ ಬಳುಕುತ್ತ ಹರಿದಾಡುತ್ತದೆ, ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಮರ ಅಥವಾ ಗೋಡೆ ಸಿಕ್ಕರೆ ಕಾಂಡದಿಂದ ಕೂದಲಿನಂಥ ಸಣ್ಣ ಬಿಳಲುಗಳು ಹೊರಟು ಅಂಟಿಕೊಳ್ಳುತ್ತವೆ. ಆ ಅಂಟಿನ ಗುಟ್ಟು ಅತಿಸೂಕ್ಷ್ಮ ಪ್ರೋಟೀನ್ ಕಣಗಳಲ್ಲಿದೆ ಎಂದು ಅಮೆರಿಕದ ಸಂಶೋಧಕರು 2016ರಲ್ಲಿ ವಿವರಿಸಿದರು. ಹೀಗೆ ಮೇಲೇರಿ ಬೆಳಕು ಕಂಡ ಬಳ್ಳಿ ಕೆಲವು ವರ್ಷಗಳಲ್ಲಿ ಪ್ರೌಢವಾಗುತ್ತದೆ. ಆಗ ಎಲೆಯ ಸೀಳುಗಳು ಮಾಯವಾಗುತ್ತವೆ, ಬಿಳಲು ನಿಲ್ಲುತ್ತದೆ, ಕಾಂಡ ಪೊದೆಯಂತೆ ಗಟ್ಟಿಯಾಗಿ ಕವಲೊಡೆಯುತ್ತದೆ. ಶರತ್ಕಾಲದಲ್ಲಿ ಹಸಿರು ಹಳದಿ ಹೂಗೊಂಚಲು, ಆಮೇಲೆ ಕಪ್ಪು ಹಣ್ಣು. ನೋಡುವವರಿಗೆ ಇವು ಎರಡು ಬೇರೆ ಬೇರೆ ಗಿಡಗಳು. ಪ್ರೌಢ ಕೊಂಬೆಯ ಕಡ್ಡಿ ಚಿವುಟಿ ನೆಟ್ಟರೆ ಅದು ಹಬ್ಬುವುದನ್ನು ಮರೆತು ಪೊದೆಯಾಗಿಯೇ ಬೆಳೆಯುತ್ತದೆ. ನೆಲದ ಮೇಲೆ ಹಬ್ಬಿಕೊಂಡಿರುವಷ್ಟು ಕಾಲ ಐವಿ ಸಾಮಾನ್ಯವಾಗಿ ಎಳೆಯದಾಗಿಯೇ ಉಳಿಯುತ್ತದೆ, ಹೂ ಕಾಯಿಗಳ ಗೊಡವೆಗೆ ಹೋಗುವುದಿಲ್ಲ. ತೋಟಗಾರರಿಗೆ ಇದು ದೊಡ್ಡ ಅನುಕೂಲವಾಗಿ ಕಂಡಿತು. ಮುಂದೆ ಆದ ತಪ್ಪು ಎಣಿಕೆಗೂ ಇದೇ ಮೂಲ.

ತೋಟಕ್ಕೆ ಬರುವ ಮೊದಲು ಐವಿ ದೇವರ ಮುಡಿಯಲ್ಲಿತ್ತು. ಗ್ರೀಕರ ಮದ್ಯದೇವತೆ ಡಯೊನಿಸಸ್ ಐವಿಯ ಕಿರೀಟ ತೊಡುತ್ತಾನೆ, ಭಕ್ತರ ಕೈಯ ದಂಡಕ್ಕೂ ಐವಿ ಸುತ್ತಿರುತ್ತದೆ. ಅಲೆಕ್ಸಾಂಡರನ ಸೈನ್ಯ ಸಿಂಧೂ ನದಿಯ ಪಶ್ಚಿಮದ ಬೆಟ್ಟಸೀಮೆಯಲ್ಲಿ ನೈಸಾ ಎಂಬ ಊರನ್ನು ಮುಟ್ಟಿದಾಗ, ಬಹುಕಾಲದಿಂದ ಐವಿಯನ್ನೇ ಕಾಣದಿದ್ದ ಸೈನಿಕರು ಹತ್ತಿರದ ಮೇರೋಸ್ ಬೆಟ್ಟದ ಮೇಲೆ ಅದನ್ನು ಕಂಡು ಹಿಗ್ಗಿ, ಹಾರ ಕಟ್ಟಿ ಮುಡಿದರು ಎಂದು ಇತಿಹಾಸಕಾರ ಅರಿಯನ್ ಬರೆಯುತ್ತಾನೆ. ತಮ್ಮ ದೇವರು ಇಲ್ಲಿಗೆ ಬಂದುಹೋಗಿದ್ದಾನೆ ಎಂಬುದಕ್ಕೆ ಅವರಿಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು. ಅವರು ಕಂಡದ್ದು ಹಿಮಾಲಯದ ಐವಿಯೇ ಇರಬೇಕು. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ ಪ್ರಸಂಗವನ್ನು ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೊಫ್ರಾಸ್ಟಸ್ ಹೇಳುತ್ತಾನೆ. ಅಲೆಕ್ಸಾಂಡರನ ಖಜಾಂಚಿ ಹಾರ್ಪಲಸ್ ಬ್ಯಾಬಿಲೋನಿನ ತೋಟಗಳಲ್ಲಿ ಐವಿ ನೆಡಿಸಲು ಮತ್ತೆ ಮತ್ತೆ ಪ್ರಯತ್ನಿಸಿದ. ಗ್ರೀಸಿನಿಂದ ತಂದ ಬೇರೆ ಗಿಡಗಳು ಹಿಡಿದವು, ಐವಿ ಹಿಡಿಯಲಿಲ್ಲ. ಅಲಂಕಾರಕ್ಕಾಗಿ ಐವಿಯನ್ನು ದೂರದ ನೆಲಕ್ಕೆ ಒಯ್ದ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೊಂದು, ಅದೂ ಸೋಲಿನ ದಾಖಲೆ. ಒಣ ಸೆಕೆ ಈ ಬಳ್ಳಿಗೆ ಆಗದು. ಕರ್ನಾಟಕದ ಬಯಲುಸೀಮೆಯಲ್ಲಿ ಐವಿ ಕುಂಡ ಬಿಟ್ಟು ಅಂಗಳಕ್ಕೆ ಇಳಿಯದಿರಲು ಕಾರಣವೂ ಅದೇ.

ರೋಮನರ ಕಾಲಕ್ಕೆ ಐವಿ ತೋಟದ ಸರಕಾಗಿತ್ತು. ಕ್ರಿ.ಪೂ. 54ರಲ್ಲಿ ಸಿಸೆರೊ ತನ್ನ ತಮ್ಮನಿಗೆ ಬರೆದ ಪತ್ರವೊಂದರಲ್ಲಿ, ತಮ್ಮನ ಹಳ್ಳಿಮನೆಯ ಮಾಲಿಯನ್ನು ಹೊಗಳುತ್ತಾನೆ. ಮನೆಯ ತಳಪಾಯ, ಕಂಬಸಾಲಿನ ಸಂದುಗಳು ಎಲ್ಲಕ್ಕೂ ಆತ ಐವಿ ಹೊದಿಸಿದ್ದ. ಅಲ್ಲಿ ನಿಂತ ಪ್ರತಿಮೆಗಳೇ ಐವಿ ಮಾರಲು ಕೂತ ತೋಟಗಾರರಂತೆ ಕಾಣುತ್ತಿದ್ದವಂತೆ. ಕಿರಿಯ ಪ್ಲಿನಿ ತನ್ನ ಟಸ್ಕನಿಯ ಮನೆಯ ವರ್ಣನೆಯಲ್ಲಿ, ಒಂದು ಚಿನಾರಿನಿಂದ ಇನ್ನೊಂದಕ್ಕೆ ಹರಿದು ಮರಗಳನ್ನು ತೋರಣದಂತೆ ಜೋಡಿಸಿದ ಐವಿಯನ್ನು ನೆನೆಯುತ್ತಾನೆ. ಇವೆಲ್ಲ ಗೋಡೆ, ಕಂಬ, ಮರಗಳ ಅಲಂಕಾರ. ನೆಲಕ್ಕೆ ಐವಿ ಹಾಸುವ ಮಾತು ಇಲ್ಲಿ ಬರುವುದಿಲ್ಲ, ಬರುವ ಅಗತ್ಯವೂ ಇರಲಿಲ್ಲ. ರೋಮನ್ ಸಿರಿವಂತರ ತೋಟದಲ್ಲಿ ಮಣ್ಣು ಕೆದಕಲು, ಕಳೆ ಕೀಳಲು ಗುಲಾಮರಿದ್ದರು.

ಮಧ್ಯಯುಗದಲ್ಲಿ ಐವಿ ಹೆಂಡದಂಗಡಿಯ ಬಾಗಿಲಿಗೆ ತೂಗುಬಿದ್ದ ಗುರುತಾಯಿತು, ಕ್ರಿಸ್‌ಮಸ್ ಹಬ್ಬದಲ್ಲಿ ಹಾಲಿ ಗಿಡದ ಜೋಡಿಯಾಗಿ ಮನೆಯೊಳಗೆ ಬಂತು. ಮುಂದಿನ ಕೆಲವು ಶತಮಾನಗಳ ಅಚ್ಚುಕಟ್ಟು ತೋಟಗಳಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಜಾಗವಿರಲಿಲ್ಲ. ಅದರ ಕಾಲ ಮರಳಿದ್ದು 18ನೇ ಶತಮಾನದ ಕೊನೆಗೆ, ಪಾಳುಬಿದ್ದ ಕಟ್ಟಡಗಳನ್ನು ಮೆಚ್ಚುವ ರುಚಿ ಇಂಗ್ಲೆಂಡಿನಲ್ಲಿ ಹುಟ್ಟಿದಾಗ. ಐವಿ ಹಬ್ಬದ ಪಾಳು ಮಠ ಆ ಕಾಲದವರ ಕಣ್ಣಿಗೆ ಪಾಳೇ ಅಲ್ಲ. ಕವಿಗಳು, ಚಿತ್ರಕಾರರು ಅದನ್ನು ಹಿಡಿದುಕೊಂಡರು. ಡಿಕನ್ಸ್ ತನ್ನ ಮೊದಲ ಕಾದಂಬರಿಯಲ್ಲೇ ಐವಿಯ ಮೇಲೊಂದು ಪದ್ಯ ಸೇರಿಸಿದ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಒಲವು ಗೀಳಾಯಿತು. ಲಂಡನ್ ಆಗ ಕಲ್ಲಿದ್ದಲ ಹೊಗೆಯ ಊರು; ಅನೇಕ ಹೂಗಿಡಗಳು ಮಸಿ ಮೆತ್ತಿ ಸೊರಗುತ್ತಿದ್ದಲ್ಲಿ ಐವಿ ಏನೂ ಆಗದಂತೆ ಬೆಳೆಯಿತು. ಮಹಡಿಮನೆಗಳ ಬೈಠಕ್ ಕೋಣೆಯಲ್ಲಿ ಐವಿ ಹಬ್ಬಿಸಿದ ತಡಿಕೆಗಳು ನಿಂತವು. ಸತ್ತವರ ನೆನಪು ಬಾಡದಿರಲಿ ಎಂಬ ಭಾವದಿಂದ ಸಮಾಧಿಗಳ ಮೇಲೆ ಐವಿ ನೆಡುತ್ತಿದ್ದರು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಸಮಾಧಿಯ ಅಳತೆಗೆ ತಕ್ಕಂತೆ ಕತ್ತರಿಸಿದ ಐವಿಯ ಹಾಸು ಇಂದಿಗೂ ಸಾಮಾನ್ಯ ನೋಟ. ನೋಡಿದರೆ, ಐವಿಯನ್ನು ನೆಲದ ಮೇಲೇ ಉಳಿಸಿಕೊಂಡು ಬೆಳೆಸುವ ಪದ್ಧತಿಗೆ ಸ್ಮಶಾನವೂ ಒಂದು ಪಾಠಶಾಲೆಯೇ: ದಿನವೂ ಬಂದು ನೀರು ಹಾಕುವವರಿಲ್ಲದ ಜಾಗಕ್ಕೆ ತಾನಾಗಿ ಬದುಕುವ ಹಸಿರು ಬೇಕಿತ್ತು. 1872ರಲ್ಲಿ ಶರ್ಲಿ ಹಿಬರ್ಡ್ ಎಂಬ ತೋಟಗಾರಿಕೆ ಲೇಖಕ ಐವಿಯೊಂದರ ಮೇಲೆಯೇ ಪೂರ್ಣ ಗ್ರಂಥ ತಂದ. ಬಳ್ಳಿಯ ಚರಿತ್ರೆ, ಉಪಯೋಗ, ಆಗ ತೋಟಗಳಲ್ಲಿದ್ದ ಬಗೆಗಳ ಪಟ್ಟಿ ಎಲ್ಲವೂ ಅದರಲ್ಲಿದ್ದವು. ಅಂಚು ಬಿಳಿಯಾದವು, ಹಳದಿ ಚುಕ್ಕೆಯವು, ಹಕ್ಕಿಯ ಕಾಲಿನಂತೆ ಸೀಳಿದ ಎಲೆಯವು ಎಂದು ಬಗೆಗಳು ಆಗಲೇ ಬೇಕಾದಷ್ಟಿದ್ದವು. ಐವಿಯಲ್ಲಿ ಕೊಂಬೆಯೊಂದು ಇದ್ದಕ್ಕಿದ್ದಂತೆ ಬೇರೆ ರೂಪ ತಾಳುವುದು ಸಾಮಾನ್ಯ. ಆ ಕೊಂಬೆಯ ಕಡ್ಡಿ ನೆಟ್ಟರೆ ಹೊಸ ತಳಿ ಸಿದ್ಧ. ಸಂಗ್ರಾಹಕರಿಗೆ ಇದಕ್ಕಿಂತ ಸುಲಭದ ಗಿಡ ಸಿಗದು.

ನೆಲಹಾಸಿನ ಮಟ್ಟಿಗೆ ದಾರಿ ತೋರಿದ್ದು ಲಂಡನ್ ಅಲ್ಲ, ಪ್ಯಾರಿಸ್. ಆಡಳಿತಾಧಿಕಾರಿ ಹೌಸ್‌ಮನ್ ಪ್ಯಾರಿಸ್ಸನ್ನು ಕೆಡವಿ ಕಟ್ಟುತ್ತಿದ್ದ ಕಾಲದಲ್ಲಿ ಇಂಜಿನಿಯರ್ ಆಲ್ಫಾಂಡ್ ಮತ್ತು ತೋಟಗಾರ ಬರಿಯೆ-ದೆಷಾಂ ನಗರದ ತುಂಬ ಉದ್ಯಾನಗಳನ್ನೂ ಚೌಕಗಳನ್ನೂ ಮಾಡಿದರು. ಅಲ್ಲಿ ಹೂವಿನ ಮಡಿಗಳಿಗೆ, ಹುಲ್ಲಿನ ಪಟ್ಟಿಗಳಿಗೆ ಐವಿಯ ಅಂಚು ಕಟ್ಟುತ್ತಿದ್ದರು. ಬೇರುಬಿಟ್ಟ ಸಸಿಗಳನ್ನು ಸಾಲಾಗಿ ನೆಟ್ಟು, ಕುಡಿಗಳನ್ನು ಒಂದೇ ದಿಕ್ಕಿಗೆ ಮಲಗಿಸಿ, ಗೂಟದಿಂದ ನೆಲಕ್ಕೆ ಒತ್ತಿ, ಆಗಾಗ ಕತ್ತರಿಸಿ, ಹಸಿರು ಹಗ್ಗದಂಥ ಪಟ್ಟಿ ಮಾಡುವ ಕೆಲಸ ಅದು. ಇಂಗ್ಲಿಷ್ ತೋಟಗಾರ ವಿಲಿಯಂ ರಾಬಿನ್‌ಸನ್ 1869ರಲ್ಲಿ ಪ್ಯಾರಿಸ್ಸಿನ ಉದ್ಯಾನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಅಂಚುಗಳನ್ನು ಮೆಚ್ಚಿಕೊಂಡ. ಮರುವರ್ಷ ಬಂದ ಅವನ ‘ದ ವೈಲ್ಡ್ ಗಾರ್ಡನ್’ ಪುಸ್ತಕದ ವಾದ ಇನ್ನೂ ಮುಂದೆ ಹೋಯಿತು. ಪ್ರತಿ ಋತುವಿಗೆ ಹೂಗಿಡ ಕಿತ್ತು ಮತ್ತೆ ನೆಡುವ ಪದ್ಧತಿಯನ್ನು ಅವನು ಖಂಡಿಸಿದ. ಪೊದೆಗಳ ಬುಡದ ಮಣ್ಣನ್ನು ವರ್ಷವರ್ಷ ಅಗೆದು ಬತ್ತಲೆ ಬಿಡುವ ಬದಲು ಹಬ್ಬುವ ಗಿಡಗಳಿಂದ ಮುಚ್ಚಬೇಕು ಎಂದ. ಬೀಚ್, ಹಾರ್ಸ್ ಚೆಸ್ಟ್‌ನಟ್‌ನಂಥ ದಟ್ಟ ಮರಗಳ ಕೆಳಗೆ ಹುಲ್ಲು ಹಿಡಿಯುವುದಿಲ್ಲ, ಐವಿ ಹಿಡಿಯುತ್ತದೆ. ‘ನೆಲಹೊದಿಕೆ ಗಿಡ’ ಎಂಬ ಮಾತು ತೋಟಗಾರರ ಬಾಯಲ್ಲಿ ಇನ್ನೂ ಬಂದಿರಲಿಲ್ಲ, ಕಲ್ಪನೆ ಬಂದಿತ್ತು.

ಈ ಕೆಲಸಕ್ಕೆ ಹೆಚ್ಚು ಬಳಕೆಯಾದದ್ದು ಸಾಮಾನ್ಯ ಐವಿಗಿಂತ ಅದರ ಅಟ್ಲಾಂಟಿಕ್ ದಡದ ನೆಂಟ, ಐರಿಷ್ ಐವಿ. ಇದರ ಎಲೆ ಅಗಲ, ಓಟ ಜೋರು, ನೆಲವನ್ನು ಬೇಗ ಮುಚ್ಚುತ್ತದೆ. ಬಹುಕಾಲ ಇದನ್ನು ಸಾಮಾನ್ಯ ಐವಿಯ ಒಂದು ತಳಿ ಎಂದೇ ತಿಳಿದಿದ್ದರು. ಸಾಮಾನ್ಯ ಐವಿಯಲ್ಲಿ 48 ವರ್ಣತಂತುಗಳಿದ್ದರೆ ಇದರಲ್ಲಿ 96 ಇವೆ ಎಂಬುದು ಗೊತ್ತಾದ ಮೇಲೆ ಈಗ ಹೆಡೆರಾ ಹೈಬರ್ನಿಕಾ ಎಂದು ಬೇರೆ ಪ್ರಭೇದವಾಗಿ ಎಣಿಸುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಬಿಟ್ಟು ಬೇರೆ ಯಾರಿಗೂ ಬೇಡದ ವಿವರ ಎನಿಸಬಹುದು. ಆರೆಗನ್ ಕಾಡುಗಳಿಗೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಅಮೆರಿಕಕ್ಕೆ ಐವಿಯನ್ನು ಒಯ್ದವರು ಯುರೋಪಿನ ವಲಸಿಗರು, 18ನೇ ಶತಮಾನದಲ್ಲಿ. ಪೂರ್ವ ಕರಾವಳಿಯ ಮನೆ, ಚರ್ಚು, ಸ್ಮಶಾನಗಳಲ್ಲಿ ಅದು ಊರಿನ ನೆನಪಾಗಿ ಬೆಳೆಯಿತು. 19ನೇ ಶತಮಾನದ ಕಾಲೇಜುಗಳಲ್ಲಿ ಪದವಿ ಮುಗಿಸಿದ ವಿದ್ಯಾರ್ಥಿಗಳು ಕಟ್ಟಡದ ಬುಡದಲ್ಲಿ ಐವಿ ನೆಡುವ ಸಮಾರಂಭವೇ ಇತ್ತು. ಆದರೆ ಉತ್ತರದ ರಾಜ್ಯಗಳ ಕಡುಚಳಿಗೆ ಸಾಮಾನ್ಯ ಐವಿ ಕರಟಿಹೋಗುತ್ತಿತ್ತು. ಚಳಿ ತಡೆಯುವ ತಳಿಗಾಗಿ ಹುಡುಕಾಟ ಶುರುವಾಯಿತು. ಆರ್ನಲ್ಡ್ ಆರ್ಬೊರೇಟಮ್ ಎಂಬ ವೃಕ್ಷೋದ್ಯಾನದ ಆಲ್ಫ್ರೆಡ್ ರೆಡರ್ 1907ರಲ್ಲಿ ಲಾಟ್ವಿಯಾದ ರೀಗಾ ನಗರದ ಹತ್ತಿರ, ಐವಿಯ ನೆಲೆಯ ಉತ್ತರದ ಅಂಚಿನಲ್ಲಿ, ಒಂದು ಬಗೆಯನ್ನು ಸಂಗ್ರಹಿಸಿದ. ಅದು ‘ಬಾಲ್ಟಿಕಾ’ ಎಂದು ಹೆಸರಾಯಿತು. 1934ರಲ್ಲಿ ಸಸ್ಯಶಾಸ್ತ್ರಜ್ಞ ಎಡ್ಗರ್ ಆಂಡರ್ಸನ್ ಬಾಲ್ಕನ್ ಪ್ರದೇಶಕ್ಕೆ ಹೋಗಿ ಚಳಿಗಟ್ಟಿ ಗಿಡಗಳನ್ನು ತಂದಾಗ ಅವುಗಳಲ್ಲಿ ಐವಿಯೂ ಇತ್ತು. ಇನ್ನೊಂದು ದಿಕ್ಕಿನಿಂದ, ಪೆನ್ಸಿಲ್ವೇನಿಯಾದ ನರ್ಸರಿಯಲ್ಲಿ 1920ರ ಸುಮಾರಿಗೆ ‘ಪಿಟ್ಸ್‌ಬರ್ಗ್’ ಎಂಬ ತಳಿ ಹೊರಬಂತು. ಸಾಮಾನ್ಯ ಐವಿ ಉದ್ದಕ್ಕೆ ಓಡುತ್ತದೆ, ಕುಡಿ ಚಿವುಟಿದರೆ ಮಾತ್ರ ಕವಲೊಡೆಯುತ್ತದೆ; ಪಿಟ್ಸ್‌ಬರ್ಗ್ ತಾನಾಗಿಯೇ ಪ್ರತಿ ಗಿಣ್ಣಿನಲ್ಲೂ ಕವಲೊಡೆದು ತುಂಬಿಕೊಳ್ಳುತ್ತದೆ. ಇಂದು ಕುಂಡಗಳಲ್ಲಿ ಮಾರುವ ಸಣ್ಣೆಲೆಯ ಐವಿಗಳಲ್ಲಿ ಹೆಚ್ಚಿನವು ಈ ಗುಣ ಹೊತ್ತವು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಊರುಗಳು ಹೊರಕ್ಕೆ ಬೆಳೆದವು. ಪ್ರತಿ ಮನೆಗೂ ಅಂಗಳ, ಅಂಗಳವನ್ನು ನೋಡಿಕೊಳ್ಳಲು ಮಾಲಿ ಮಾತ್ರ ಇಲ್ಲ. ಭಾನುವಾರ ಯಜಮಾನನೇ ಹುಲ್ಲು ಕತ್ತರಿಸಬೇಕು. ಮರದ ಬುಡ, ಮನೆಯ ಉತ್ತರದ ನೆರಳು, ಯಂತ್ರ ಓಡದ ಇಳಿಜಾರು, ಇವು ಎಲ್ಲರ ತಲೆನೋವು. ಐವಿ ಇದಕ್ಕೆ ಹೇಳಿ ಮಾಡಿಸಿದ ಉತ್ತರ. ಆರ್ನಲ್ಡ್ ಆರ್ಬೊರೇಟಮ್‌ನ ಡೊನಾಲ್ಡ್ ವೈಮನ್ 1956ರಲ್ಲಿ ನೆಲಹೊದಿಕೆ ಗಿಡಗಳ ಮೇಲೆ ಪುಸ್ತಕ ಬರೆದ. ಇಂಗ್ಲೆಂಡಿನಲ್ಲಿ ಗ್ರಹಾಂ ಸ್ಟುವರ್ಟ್ ಥಾಮಸ್ 1970ರಲ್ಲಿ ಅದೇ ವಿಷಯ ಎತ್ತಿಕೊಂಡ. ಅಲ್ಲೂ ದೊಡ್ಡ ಬಂಗಲೆಗಳ ತೋಟಗಾರರ ದಂಡು ಕರಗಿಹೋಗಿತ್ತು. ನಮ್ಮ ರಸ್ತೆ ವಿಭಜಕಗಳಲ್ಲಿ ಹಳದಿ ಹೂವಿನ ವೆಡೇಲಿಯ ಬಳ್ಳಿಯಿಂದ ಮಾಡಿಸುವ ಕೆಲಸವನ್ನೇ ಅವರು ಐವಿಯಿಂದ ಮಾಡಿಸಿದರು.

ನೆಡುವ ಕ್ರಮ ಸರಳ. ಎಳೆಯ ಕಾಂಡದ ತುಂಡುಗಳಿಗೆ ಬೇರು ಬರಿಸಿ, ಕಳೆ ತೆಗೆದು ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಸುಮಾರು ಒಂದಡಿ ಅಂತರಕ್ಕೆ ನೆಡುತ್ತಾರೆ. ಮೊದಲ ವರ್ಷ ಗಿಡ ಮಲಗಿಯೇ ಇರುತ್ತದೆ, ಎರಡನೆಯ ವರ್ಷ ತೆವಳುತ್ತದೆ, ಮೂರನೆಯ ವರ್ಷ ನೆಗೆಯುತ್ತದೆ ಎಂಬುದು ಆ ಕಡೆಯ ತೋಟಗಾರರ ಅನುಭವದ ಮಾತು. ಒಮ್ಮೆ ಹೆಣೆದುಕೊಂಡ ಮೇಲೆ ಕಳೆಗೆ ಬೆಳಕೇ ಸಿಗುವುದಿಲ್ಲ. ಉಳಿದ ಕೆಲಸ ಅಂಚು ಕತ್ತರಿಸುವುದು, ಮರದ ಬುಡಕ್ಕೆ ಹತ್ತದಂತೆ ನೋಡಿಕೊಳ್ಳುವುದು. ಕತ್ತರಿಸುವವರ ಕೈಗೆ ಗವಸು ಇರಬೇಕು. ರಸದಲ್ಲಿರುವ ಫಾಲ್ಕರಿನಾಲ್ ಕೆಲವರ ಚರ್ಮಕ್ಕೆ ಉರಿ, ಗುಳ್ಳೆ ತರುತ್ತದೆ.

ಕ್ಯಾಲಿಫೋರ್ನಿಯಾ ಇದನ್ನು ಸರ್ಕಾರಿ ಪ್ರಮಾಣದಲ್ಲಿ ಮಾಡಿತು. ಹೆದ್ದಾರಿಗಳ ಇಬ್ಬದಿಯ ಇಳಿಜಾರುಗಳಿಗೆ, ಬಿಸಿಲನ್ನು ಸ್ವಲ್ಪ ಹೆಚ್ಚು ತಾಳುವ ದೊಡ್ಡೆಲೆಯ ಅಲ್ಜೀರಿಯನ್ ಐವಿಯನ್ನು ವ್ಯಾಪಕವಾಗಿ ನೆಡಲಾಯಿತು. ಮೈಲಿಗಟ್ಟಲೆ ಹಸಿರು, ಕೆಲಸ ಕಡಿಮೆ. ಎರಡು ಕೊರತೆಗಳು ತಡವಾಗಿ ಕಂಡವು. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಇಳಿಜಾರಿನ ಆಳದ ಮಣ್ಣನ್ನು ಐವಿ ಹಿಡಿದಿಡುವುದಿಲ್ಲ. ದಟ್ಟ ಎಲೆಯ ಅಡಿಯಲ್ಲಿ ಇಲಿಗಳು ಸಂಸಾರ ಹೂಡಿದವು. ಆದರೂ ಬಳ್ಳಿಯ ಮೇಲಿನ ಪ್ರೀತಿ ಕುಗ್ಗಲಿಲ್ಲ; 1973ರಲ್ಲಿ ಅಮೆರಿಕನ್ ಐವಿ ಸೊಸೈಟಿ ಹುಟ್ಟಿತು, ತಳಿಗಳ ಹೆಸರು ನೋಂದಾಯಿಸುವ ಹೊಣೆ ಹೊತ್ತಿತು.

ಮರದ ಬುಡದಲ್ಲಿ ಕತ್ತರಿ ಹಾಕುವ ಆ ಸಣ್ಣ ಕೆಲಸವೇ ತಪ್ಪಿಹೋದದ್ದು. ಮನೆ ಕೈಬದಲಾಯಿತು, ಯಜಮಾನರು ಮುದುಕರಾದರು, ಬೇಲಿಯಾಚೆಯದು ಯಾರ ಜವಾಬ್ದಾರಿ ಎಂದು ಬಿಟ್ಟರು. ಬಳ್ಳಿ ಮರ ಹತ್ತಿತು. ಹತ್ತಿದ ಬಳ್ಳಿ ಪ್ರೌಢವಾಯಿತು, ಹಣ್ಣು ಬಿಟ್ಟಿತು. ರಾಬಿನ್, ಸ್ಟಾರ್ಲಿಂಗ್ ಹಕ್ಕಿಗಳು ತಿಂದು ಬೀಜವನ್ನು ದೂರದ ಕಾಡಿಗೆ ಒಯ್ದವು. ನೆಲದ ಮೇಲೆ ಐವಿ ಬೀಜ ಬಿಡದು ಎಂದು ನಂಬಿದ್ದವರು, ಅದು ನೆಲದ ಮೇಲೆಯೇ ಉಳಿಯಲು ಯಾರಾದರೂ ಕಾಯುತ್ತಿರಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಮಾಡಿದ್ದನ್ನು ಕಂಡ ಕನ್ನಡಿಗರಿಗೆ ಇದರ ಮುಂದಿನ ಭಾಗವನ್ನು ಹೆಚ್ಚು ವಿವರಿಸಬೇಕಿಲ್ಲ.

ಅಮೆರಿಕದ ವಾಯವ್ಯ ಕರಾವಳಿಯ ಹದವಾದ, ತೇವದ ಹವೆ ಐವಿಗೆ ತವರಿನಂತೆಯೇ ಇತ್ತು. ಆರೆಗನ್‌ನ ಪೋರ್ಟ್‌ಲೆಂಡ್ ನಗರದೊಳಗೇ 5,000 ಎಕರೆಗೂ ಮಿಕ್ಕಿದ ಫಾರೆಸ್ಟ್ ಪಾರ್ಕ್ ಎಂಬ ಕಾಡಿದೆ. ಸುತ್ತಲ ಅಂಗಳಗಳಿಂದ ಐವಿ ಅದರೊಳಕ್ಕೆ ನುಗ್ಗಿ ನೆಲದ ಜರೀಗಿಡ, ಕಾಡುಹೂ, ಮರಗಳ ಸಸಿ ಎಲ್ಲವನ್ನೂ ಮುಚ್ಚಿತು. ಬೇರೇನೂ ಹುಟ್ಟದ ಅಂಥ ಜಾಗಕ್ಕೆ ಅಲ್ಲಿಯವರು ‘ಐವಿ ಮರುಭೂಮಿ’ ಎನ್ನುತ್ತಾರೆ, ಹಸಿರಾದ ಮರುಭೂಮಿ. ಮರದ ತುದಿಯವರೆಗೆ ಹತ್ತಿದ ಬಳ್ಳಿ ಚಳಿಗಾಲದಲ್ಲೂ ಎಲೆ ಉದುರಿಸದ ಕಾರಣ, ಬಿರುಗಾಳಿಗೆ ಹಾಯಿಯಂತೆ ಗಾಳಿ ಹಿಡಿದು ಮರವನ್ನೇ ಉರುಳಿಸಬಲ್ಲದು. 1994ರಲ್ಲಿ ಅಲ್ಲಿ ಬಳ್ಳಿ ಕೀಳುವ ಸ್ವಯಂಸೇವಕರ ತಂಡವೊಂದು ಹುಟ್ಟಿ, ‘ನೋ ಐವಿ ಲೀಗ್’ ಎಂದು ತುಂಟ ಹೆಸರಿಟ್ಟುಕೊಂಡಿತು.

ಯಾವ ಐವಿ ಇದು ಎಂಬ ಪ್ರಶ್ನೆಗೆ 2006ರಲ್ಲಿ ಪ್ರಕಟವಾದ ತಳಿಪರೀಕ್ಷೆ ಉತ್ತರ ಕೊಟ್ಟಿತು. ಎಲ್ಲರೂ ಇಂಗ್ಲಿಷ್ ಐವಿ, ಅಂದರೆ ಸಾಮಾನ್ಯ ಐವಿ, ಎಂದು ಬಯ್ಯುತ್ತಿದ್ದ ಬಳ್ಳಿಯ ಮಾದರಿಗಳಲ್ಲಿ ಶೇಕಡಾ 83 ಐರಿಷ್ ಐವಿ. ಬೇಗ ನೆಲ ಮುಚ್ಚುತ್ತದೆಂದು ಆರಿಸಿದ ಪ್ರಭೇದವೇ ಕಾಡನ್ನೂ ಬೇಗ ಮುಚ್ಚಿತ್ತು. ವಾಷಿಂಗ್ಟನ್ ರಾಜ್ಯ ಕಳೆಪಟ್ಟಿಗೆ ಸೇರಿಸಿದ ನಾಲ್ಕು ಬಗೆಗಳಲ್ಲಿ ಐರಿಷ್ ಐವಿಯ ಜೊತೆ ‘ಬಾಲ್ಟಿಕಾ’, ‘ಪಿಟ್ಸ್‌ಬರ್ಗ್’, ‘ಸ್ಟಾರ್’ ಇವೆ. ಚಳಿಗಟ್ಟಿತನಕ್ಕೆ, ಕವಲೊಡೆಯುವ ಗುಣಕ್ಕೆ ಹಿಂದೆ ಬಹುಮಾನದಂತೆ ಎಣಿಸಿದ ಹೆಸರುಗಳೇ. ಆರೆಗನ್ 2010ರಲ್ಲಿ ಸಾಮಾನ್ಯ, ಐರಿಷ್ ಎರಡೂ ಪ್ರಭೇದಗಳ ಮಾರಾಟ, ಸಾಗಾಟ, ಸಸಿ ಬೆಳೆಸುವುದು ಎಲ್ಲವನ್ನೂ ನಿಲ್ಲಿಸಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲೂ ಐವಿ ಈಗ ಕಳೆ.

ತವರಿನಲ್ಲಿ ಅದರ ಮರ್ಯಾದೆಗೆ ಕುಂದಿಲ್ಲ. ಬ್ರಿಟನ್ನಿನಲ್ಲಿ ಬೇರೆ ಹೂಗಳು ಮುಗಿದ ಮೇಲೆ ಅರಳುವ ಐವಿ ಜೇನುನೊಣಗಳಿಗೆ ಚಳಿಗಾಲದ ಮುಂಚಿನ ಕೊನೆಯ ಊಟ. ಮುಖ್ಯವಾಗಿ ಐವಿಯ ಹೂವನ್ನೇ ನೆಚ್ಚಿದ ಒಂದು ಒಂಟಿಜೇನನ್ನು 1993ರಲ್ಲಷ್ಟೇ ಬೇರೆ ಪ್ರಭೇದವೆಂದು ಗುರುತಿಸಿದರು. ಅದು 2001ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಕಂಡಿತು. ಅಲ್ಲಿನ ನರ್ಸರಿಗಳು ಒಣ ನೆರಳಿನ ನೆಲಕ್ಕೆ ಈಗಲೂ ಐವಿಯನ್ನೇ ಸೂಚಿಸುತ್ತವೆ.

ಪೋರ್ಟ್‌ಲೆಂಡಿನ ಕಡೆ ಐವಿ ತೆಗೆಯುವ ಕೆಲಸಕ್ಕೆ ಕ್ರಮವಿದೆ. ಮೊದಲು ಮರಗಳ ಸರದಿ. ಎದೆಯೆತ್ತರದಲ್ಲಿ ಬಳ್ಳಿಯ ಕಾಂಡಗಳನ್ನು ಸುತ್ತಲೂ ಗರಗಸ ಹಾಕಿ ಕತ್ತರಿಸಿ, ಬುಡದ ಸುತ್ತ ಕೆಲವು ಅಡಿ ನೆಲ ಬಿಡಿಸುತ್ತಾರೆ. ಮೇಲಿನ ಭಾಗ ಮರದ ಮೇಲೆಯೇ ಒಣಗುತ್ತದೆ, ಹಣ್ಣು ನಿಲ್ಲುತ್ತದೆ. ಆಮೇಲೆ ನೆಲ. ಮಳೆಗೆ ಮಣ್ಣು ಸಡಿಲವಾಗಿದ್ದಾಗ ಒಂದು ಅಂಚಿನಿಂದ ಬೇರುಸಮೇತ ಎತ್ತಿ, ನಾಲ್ಕೈದು ಜನ ಸೇರಿ ಜಮಖಾನೆ ಸುತ್ತಿದಂತೆ ಸುತ್ತುತ್ತ ಹೋಗುತ್ತಾರೆ. ಕಿತ್ತ ಬಳ್ಳಿ ಮಣ್ಣಿಗೆ ತಾಗಿದರೆ ಗಿಣ್ಣಿನಲ್ಲಿ ಮತ್ತೆ ಬೇರು ಬಿಡುವುದರಿಂದ ರಾಶಿ ಹಾಕಿ ಆಗಾಗ ಮಗುಚಿ ಒಣಗಿಸಬೇಕು. ಉಳಿದ ಚೂರುಗಳು ಚಿಗುರುತ್ತವೆ. ಮುಂದಿನ ವರ್ಷ, ಅದರಾಚೆಯ ವರ್ಷವೂ ಅದೇ ಜಾಗಕ್ಕೆ ಬಂದು ಕೈಯಿಂದ ಕೀಳಬೇಕು.